ರೀಕಾಂಬಿನಂಟ್ ಹ್ಯೂಮನ್ ಐಎಲ್-6, 10 ಮೈಕ್ರೋಗ್ರಾಂ ವಯಲ್: ಎಂಸಿಎಫ್-7 ಇಟ್ಕೊಂಡಿರೋರು ಧೈರ್ಯವಾಗಿ ತಗೊಳ್ಳಿ

ಬ್ರೆಸ್ಟ್ ಕ್ಯಾನ್ಸರ್ ಸೆಲ್ಸ್ ಮೇಲೆ ಸೈಟೊಕೈನ್ (ಸೆಲ್ಸ್ ಒಂದಕ್ಕೊಂದು ಸಂದೇಶ ಕಳಿಸೋ ಪ್ರೋಟೀನ್) ಕೆಲ್ಸ ಮಾಡೋರಿಗೆ ಐಎಲ್-6 ಅನ್ನೋ ಸೈಟೊಕೈನಿನ ಈ ವಯಲ್ ಒಳ್ಳೇ ಮಾಲು. ಎಂಸಿಎಫ್-7 ಅನ್ನೋ ಬ್ರೆಸ್ಟ್ ಕ್ಯಾನ್ಸರ್ ಸೆಲ್ಸ್‌ನ ರಾತ್ರಿಯೆಲ್ಲಾ ಸೀರಮ್ ಇಲ್ದೆ ಇಟ್ಟು ಬೆಳಿಗ್ಗೆ ಎಂಎಲ್‌ಗೆ 20 ನ್ಯಾನೊಗ್ರಾಂ ಹಾಕಿದ್ವಿ, ಅರ್ಧ ಗಂಟೆಗೆಲ್ಲಾ ಬ್ಲಾಟಲ್ಲಿ (ಪ್ರೋಟೀನನ್ನ ಬ್ಯಾಂಡಾಗಿ ತೋರಿಸೋ ಟೆಸ್ಟ್) ಫಾಸ್ಫೊ-ಸ್ಟ್ಯಾಟ್3, ಅಂದ್ರೆ ಐಎಲ್-6 ಸಿಗ್ನಲಿಂದ ಆನ್ ಆದ ಸ್ಟ್ಯಾಟ್3 ಪ್ರೋಟೀನಿನ ಬ್ಯಾಂಡ್ ದಪ್ಪಗೆ ಬಂತು, ಹಾಕದೇ ಇರೋ ಲೇನ್ ಹೆಚ್ಚುಕಮ್ಮಿ ಖಾಲಿ. ಮೊದ್ಲೇ ರುಕ್ಸೊಲಿಟಿನಿಬ್ (ಜಾಕ್ ಎಂಜೈಮ್ ತಡೆಯೋ ಔಷಧಿ) ಕೊಟ್ಟಿದ್ದ ಲೇನಲ್ಲಿ ಬ್ಯಾಂಡೇ ಇಲ್ಲ, ಅಂದ್ರೆ ಸಿಗ್ನಲ್ ಜಾಕ್ ಮೂಲಕಾನೇ ಹೋಗ್ತಿದೆ.

ಇದನ್ನ ಎಂಡಿಎ-ಎಂಬಿ-231 ಅನ್ನೋ ಬೇರೆ ಬ್ರೆಸ್ಟ್ ಕ್ಯಾನ್ಸರ್ ಸೆಲ್ಸ್ ಮೇಲೆ ಹಾಕಿ "ಏನೂ ಆಗ್ಲಿಲ್ಲ, ಪ್ರೋಟೀನ್ ಸತ್ತೋಗಿದೆ" ಅನ್ನೋರಿದಾರೆ, ಅದು ಅನ್ಯಾಯ ಕಣ್ರೀ. ಆ ಸೆಲ್ಸು ತಾವೇ ಐಎಲ್-6 ಮಾಡಿ ಹೊರಗೆ ಬಿಟ್ಟು ತಾವೇ ಹಿಡ್ಕೊಳ್ತವೆ, ಸ್ಟ್ಯಾಟ್3 ಅಲ್ಲಿ ಮೊದ್ಲಿಂದ್ಲೂ ಆನ್, ಮೇಲಿಂದ ಇನ್ನಷ್ಟು ಸುರಿದ್ರೆ ಏನು ಕಾಣ್ಬೇಕು ಹೇಳಿ? ವಯಲ್ ಟೆಸ್ಟ್ ಮಾಡೋಕೆ ಎಂಸಿಎಫ್-7 ಇಲ್ಲಾ ಟಿ47ಡಿ ಸೆಲ್ಸ್ ತಗೊಳ್ಳಿ.

ಇನ್ನೊಂದು, ಬರೀ ಎಂಟಿಟಿ (ಎಷ್ಟು ಸೆಲ್ಸ್ ಬದುಕಿವೆ ಅಂತ ಬಣ್ಣದಿಂದ ಅಳೆಯೋ ಟೆಸ್ಟ್) ರೀಡಿಂಗ್ ನೋಡಿ ತೀರ್ಮಾನ ಮಾಡ್ಬೇಡಿ. ಡಿಶ್ಶಲ್ಲಿ ಐಎಲ್-6 ಈ ಸೆಲ್ಸ್ ಬೆಳವಣಿಗೆನ ಸ್ವಲ್ಪ ತಗ್ಗಿಸ್ಲೂಬಹುದು, ಆದ್ರೆ ಕೆಲವು ದಿನ ಬಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿ, ಗುಂಪಾಗಿ ಒತ್ತೊತ್ತಾಗಿ ಅಂಟ್ಕೊಂಡಿದ್ದ ಸೆಲ್ಸು ಅಂಚಿಂದ ಬಿಡಿಬಿಡಿಯಾಗಿ ಉದ್ದುದ್ದ ಚಾಚ್ಕೊಂಡು ಹೊರಟಿರ್ತವೆ, ಸೆಲ್ಸನ್ನ ಒಂದಕ್ಕೊಂದು ಹಿಡಿದಿಡೋ ಇ-ಕ್ಯಾಡ್ಹೆರಿನ್ ಪ್ರೋಟೀನ್ ಇಳಿದಿರುತ್ತೆ. ಪೇಷಂಟ್ ವಿಷ್ಯದಲ್ಲಿ ಭಯ ಇರೋದು ಇದೇ, ಗಡ್ಡೆ ಎಷ್ಟು ಬೆಳೀತು ಅನ್ನೋದಕ್ಕಿಂತ ಅದು ಜಾಗ ಬಿಟ್ಟು ಹೊರಟಿತಾ ಅನ್ನೋದು. ರಕ್ತದಲ್ಲಿ ಐಎಲ್-6 ಜಾಸ್ತಿ ಇರೋ ಪೇಷಂಟ್‌ಗಳಲ್ಲಿ ಕಾಯಿಲೆ ಹದಗೆಡೋದು ಹೆಚ್ಚು ಅಂತ ತುಂಬಾ ಸ್ಟಡಿಗಳಲ್ಲಿ ಕಂಡಿದೆ.

ಇದು ಈ.ಕೋಲೈ ಬ್ಯಾಕ್ಟೀರಿಯಾದಲ್ಲಿ ಮಾಡಿದ ಪ್ರೋಟೀನ್, ಹಾಗಾಗಿ ಎಂಡೋಟಾಕ್ಸಿನ್ (ಆ ಬ್ಯಾಕ್ಟೀರಿಯಾದ ಹೊರಪದರದ ವಿಷ) ಬಗ್ಗೆ ಹುಷಾರು, ಅದೂ ಸೆಲ್ಸ್‌ನ ಕೆರಳಿಸುತ್ತೆ. ಸ್ವಲ್ಪ ಐಎಲ್-6 ಕುದಿಸಿ ಒಂದು ಕಂಟ್ರೋಲ್ ಇಡಿ, ಬಿಸಿಗೆ ಪ್ರೋಟೀನ್ ಕೆಡುತ್ತೆ ಎಂಡೋಟಾಕ್ಸಿನ್ ಅಷ್ಟು ಸುಲಭಕ್ಕೆ ಕೆಡಲ್ಲ. ನಮ್ಗೆ ಕುದಿಸಿದ್ದು ಏನೂ ಮಾಡ್ಲಿಲ್ಲ, ಹಾಗಾಗಿ ನಂಬಿಕೆ ಬಂತು.

ಪುಡಿ ಕಣ್ಣಿಗೆ ಕಾಣಲ್ಲ, ಮುಚ್ಚಳ ತೆಗೆಯೋ ಮುಂಚೆ ಸ್ಪಿನ್ ಕೊಡಿ. 0.1% ಬಿಎಸ್‌ಎ (ಹಸುವಿನ ಆಲ್ಬುಮಿನ್ ಪ್ರೋಟೀನ್) ಇರೋ ಪಿಬಿಎಸ್ ಬಫರ್‌ನಲ್ಲಿ ಕರಗಿಸಿ ಚಿಕ್ಕ ಚಿಕ್ಕ ಪಾಲು (ಆಲಿಕ್ವಾಟ್) ಮಾಡಿ ಫ್ರೀಜ್ ಮಾಡಿ, ಬಿಎಸ್‌ಎ ಇಲ್ದಿದ್ರೆ ಇಷ್ಟು ತೆಳು ಪ್ರೋಟೀನ್ ಟ್ಯೂಬಿಗೇ ಅಂಟ್ಕೊಂಡು ಹೋಗುತ್ತೆ. ಪದೇ ಪದೇ ಕರಗಿಸಿ ಫ್ರೀಜ್ ಮಾಡಿದ್ರೆ ಪವರ್ ಇಳಿಯುತ್ತೆ. 2 ಮೈಕ್ರೋಗ್ರಾಂ ಸೈಜಲ್ಲೂ ಕೊಟ್ರೆ ಫೆಲೋಶಿಪ್ ದುಡ್ಡಲ್ಲಿ ಕೆಲ್ಸ ಮಾಡೋ ಪಿಎಚ್‌ಡಿ ಹುಡುಗ್ರಿಗೆ ತುಂಬಾ ಉಪಕಾರ ಆಗುತ್ತೆ.