ನೀರು ಕುಡಿಯುವ ಹರಳು: ನಾಗಮಂಗಲದ ಒಣ ಹೊಲದಲ್ಲಿ ಹಾಕಿ ನೋಡಿದೆ

ಹೋದ ವರ್ಷ ಮಂಡ್ಯದ ಒಂದು ಗೊಬ್ಬರದ ಅಂಗಡಿಯಿಂದ ಒಂದು ಕೆಜಿ ಹೈಡ್ರೋಜೆಲ್ ತಂದೆ. ನೀರು ಹೀರಿ ಹಿಡಿದಿಟ್ಟುಕೊಂಡು, ಮಣ್ಣು ಒಣಗಿದಾಗ ಬೇರಿಗೆ ಬಿಡುವ ಹರಳು ಇದು. 900 ರೂಪಾಯಿ. ನೋಡಲು ದಪ್ಪ ಸಕ್ಕರೆ ತರ ಇರುತ್ತದೆ. ನಮ್ಮ ಹೊಲ ನಾಗಮಂಗಲದ ಕಡೆ, ನಾಲೆ ನೀರಿಲ್ಲ, ಇರುವ ಒಂದು ಬೋರ್ ಬೇಸಿಗೆಯಲ್ಲಿ ಅರ್ಧ ಗಂಟೆ ಓಡಿದರೆ ಜಾಸ್ತಿ. ಹೊಸದಾಗಿ ನೆಟ್ಟ 40 ಮಾವಿನ ಸಸಿ ಉಳಿಸಿಕೊಳ್ಳಬೇಕಿತ್ತು.

ತನ್ನ ತೂಕದ 400 ಪಟ್ಟು ನೀರು ಹೀರುತ್ತದೆ ಅಂತ ಪ್ಯಾಕೆಟ್ ಮೇಲಿದೆ. ಸುಮ್ನೆ ನಂಬುವುದು ಬೇಡ ಅಂತ ಒಂದು ಬಕೆಟ್‌ನಲ್ಲಿ ಹಿಡಿದಿಟ್ಟ ಮಳೆ ನೀರು, ಇನ್ನೊಂದರಲ್ಲಿ ಬೋರ್ ನೀರು ಇಟ್ಟು ಎರಡಕ್ಕೂ 5 ಗ್ರಾಂ ಹಾಕಿದೆ. ಬೆಳಗ್ಗೆ ನೋಡಿದರೆ ಮಳೆ ನೀರಿನದು ನೆನೆದ ಸಬ್ಬಕ್ಕಿ ತರ ಉಬ್ಬಿ ಒಂದೂವರೆ ಲೀಟರ್ ಕುಡಿದಿತ್ತು. ಬೋರ್ ನೀರಿನದು ಅರ್ಧ ಲೀಟರ್ ಕೂಡ ದಾಟಿರಲಿಲ್ಲ. ನಮ್ಮದು ಗಡಸು ನೀರು. ಅದರ ಕ್ಯಾಲ್ಸಿಯಂ ಈ ಹರಳಿನೊಳಗಿನ ಪಾಲಿಮರ್‌ನ, ಅಂದರೆ ಉದ್ದ ಸರಪಳಿಯಂಥ ಅಣುಗಳ, ಎಳೆಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ, ಅರಳಲು ಬಿಡುವುದಿಲ್ಲ. ಈ ಮಾತನ್ನು ಅಂಗಡಿಯವರು ಹೇಳಲಿಲ್ಲ, ಪ್ಯಾಕೆಟ್ ಮೇಲೂ ಇಲ್ಲ. ನನಗೆ ಬೇಜಾರಾಗಿದ್ದು ಇದಕ್ಕೇ. ನಮ್ಮ ಕಡೆ ಬಹಳ ಜನಕ್ಕೆ ಬೋರ್ ನೀರೇ ಗತಿ ಅಲ್ವಾ?

ಆದರೂ 20 ಸಸಿಗೆ ಹಾಕಿದೆ. ಮೊದಲ ಗುಣಿಯಲ್ಲಿ ತಪ್ಪಾಯಿತು. ಒಂದು ಹಿಡಿ ಒಣ ಹರಳನ್ನು ಹಾಗೇ ಸುರಿದು ಮಣ್ಣು ಮುಚ್ಚಿದ್ದೆ, ರಾತ್ರಿ ಮಳೆ ಬಿದ್ದು ಅದು ಉಬ್ಬಿ ಸಸಿಯನ್ನೇ ಮೇಲಕ್ಕೆತ್ತಿತ್ತು. ಆಮೇಲೆ ಗುಣಿಗೆ 10 ಗ್ರಾಂ ಲೆಕ್ಕದಲ್ಲಿ ಮಳೆ ನೀರಲ್ಲಿ ನೆನೆಸಿ, ಕೊಟ್ಟಿಗೆ ಗೊಬ್ಬರದ ಜೊತೆ ಬೇರು ಇರುವ ಆಳಕ್ಕೆ ಕಲಸಿದೆ. ಜೆಲ್ ಹಾಕದ ಸಸಿಗಳು ನೀರು ಕೊಟ್ಟ ನಾಲ್ಕನೇ ದಿನಕ್ಕೇ ಬಾಡುತ್ತಿದ್ದವು, ಹಾಕಿದವು ಒಂದು ವಾರ ತಡೆದವು. ಏಪ್ರಿಲ್ ಮುಗಿಯುವಷ್ಟರಲ್ಲಿ ಹಾಕದ 20ರಲ್ಲಿ 7 ಒಣಗಿದವು, ಹಾಕಿದ್ದರಲ್ಲಿ 2 ಮಾತ್ರ. ಒಂದರ ಬುಡ ಕೆದಕಿ ನೋಡಿದೆ. ಕೂದಲೆಳೆಯಂಥ ಬಿಳಿ ಬೇರು ಜೆಲ್ ತುಂಡಿನೊಳಗೇ ತೂರಿಕೊಂಡಿತ್ತು. ಅದನ್ನು ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ಡೈಪರ್ ಒಳಗೂ ಇದೇ ಇರೋದು, ಅದನ್ನೇ ಹರಿದು ಹಾಕು ಅಂದರು ನಮ್ಮ ಚಿಕ್ಕಪ್ಪ. ಬೇಡ. ಅದು ಸೋಡಿಯಂ ಇರುವ ಪಾಲಿಮರ್, ಸೋಡಿಯಂ ಸೇರಿದರೆ ಮಣ್ಣು ಕೆಡುತ್ತದೆ. ಗಿಡಕ್ಕೆ ಪೊಟ್ಯಾಸಿಯಂನದು ಕೇಳಿ ತಗೊಳ್ಳಿ, ಇಲ್ಲವೇ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಸೆಲ್ಯುಲೋಸ್ ಆಧಾರದಲ್ಲಿ ಮಾಡಿರುವ ಪೂಸಾ ಹೈಡ್ರೋಜೆಲ್ ಇದೆ.

ಎಳೆ ಸಸಿಗೆ, ತಾರಸಿ ಕುಂಡಕ್ಕೆ ಧೈರ್ಯವಾಗಿ ತಗೊಳ್ಳಬಹುದು. ರಾಗಿ ಹೊಲಕ್ಕೆ ನಾನಂತೂ ಹಾಕುವುದಿಲ್ಲ, ಆ ಖರ್ಚು ಗಿಟ್ಟುವುದಿಲ್ಲ. ಉಳಿದ ಹರಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಬಕೆಟ್ ತೊಳೆದ ಜೆಲ್ಲನ್ನು ಗಿಡದ ಬುಡಕ್ಕೇ ಸುರಿಯಿರಿ, ಬಚ್ಚಲಿಗೆ ಬಿಟ್ಟರೆ ಪೈಪು ಕಟ್ಟಿಕೊಳ್ಳುತ್ತದೆ.