ಭಾನುವಾರದ ಕೌನ್ಸೆಲಿಂಗ್ ಡಿಪ್ಲೊಮಾ: ಆರು ತಿಂಗಳು, 36 ಸಾವಿರ ರೂಪಾಯಿ

ನಾನು ತುಮಕೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು, "ಮಿಸ್, ಊಟಾನೇ ಸೇರ್ತಿಲ್ಲ" ಅಂದಳು. ನಾನು ಅರ್ಧ ಗಂಟೆ ಬುದ್ಧಿ ಹೇಳಿದೆ. ಅಪ್ಪ ಅಮ್ಮ ಎಷ್ಟು ಕಷ್ಟಪಡ್ತಾರೆ, ಓದಿನ ಕಡೆ ಗಮನ ಕೊಡು, ಹೀಗೇ. ಅವಳು ತಲೆಯಾಡಿಸಿ ಹೋದಳು. ಮತ್ತೆ ಬರಲೇ ಇಲ್ಲ. ಅದು ಒಳಗೇ ಕೊರೆಯುತ್ತಿತ್ತು. ಆ ಹೊತ್ತಿಗೆ ಫೋನಿನಲ್ಲಿ ಒಂದು ಜಾಹೀರಾತು ಕಣ್ಣಿಗೆ ಬಿತ್ತು: "ಆರೇ ತಿಂಗಳಲ್ಲಿ ಸೈಕಾಲಜಿಸ್ಟ್ ಆಗಿ!"

ಸೇರಿದೆ. 2025ರ ಜನವರಿಯಿಂದ ಜೂನ್‌ವರೆಗೆ ಪ್ರತಿ ಭಾನುವಾರ ಬೆಳಗಿನ ರೈಲು ಹಿಡಿದು ಬೆಂಗಳೂರು. ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕ್ಲಾಸು, 28 ಜನ, ಎರಡು ಫ್ಯಾನು. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಇಂಥವು ಬೀದಿಗೊಂದು ಇವೆ, ಒಂದರ ಹೆಸರು ಹೇಳಿದರೆ ಉಳಿದವು ಒಳ್ಳೆಯವು ಅಂತ ಆಗಿಬಿಡುತ್ತದೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಏಕೆಂದರೆ ಅದು ನಿಜಕ್ಕೂ ಒಳ್ಳೆಯದಿತ್ತು. ಮೂರು ಮೂರು ಜನರ ಗುಂಪು ಮಾಡಿಸುತ್ತಿದ್ದರು. ಒಬ್ಬರು ಕಷ್ಟ ಹೇಳಬೇಕು, ಒಬ್ಬರು ಕೇಳಬೇಕು, ಮೂರನೆಯವರು ನೋಡಿ ಬರೆದುಕೊಳ್ಳಬೇಕು. ನನ್ನ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರಿದ್ದರು. ಊರಿನಲ್ಲಿ ಅಪ್ಪ ಕಟ್ಟಿಸಿದ ಮನೆ ಮಾರಿದ ಕಥೆ ಹೇಳಿದರು. ಸಮಯ ಮುಗಿದ ಮೇಲೆ ಮೂರನೆಯವರು ತಮ್ಮ ಚೀಟಿ ಓದಿದರು: "4 ನಿಮಿಷದಲ್ಲಿ 11 ಸಲಹೆ." ನಾನು ಕೊಟ್ಟವು! ಎಲ್ಲರೂ ನಕ್ಕರು. ನನಗೆ ಆ ಹುಡುಗಿ ನೆನಪಾದಳು. ಅವಳಿಗೆ ಎಷ್ಟು ಕೊಟ್ಟಿದ್ದೆನೋ.

ಎಡವಟ್ಟು ಇದ್ದದ್ದು ಭಾಷೆಯಲ್ಲಿ. ಸ್ಲೈಡುಗಳೆಲ್ಲ ಇಂಗ್ಲಿಷು. ನಾವು ಕೇಳಿದ ಮೇಲೆ ಕನ್ನಡದ ಹಾಳೆ ಕೊಟ್ಟರು. ಅದರಲ್ಲಿ, ಕೇಳುವವರು ಹೀಗೆ ಪ್ರಶ್ನೆ ಹಾಕಬೇಕು ಅಂತ ಇತ್ತು: "ಅದು ನಿಮ್ಮನ್ನು ಹೇಗೆ ಭಾವಿಸುವಂತೆ ಮಾಡುತ್ತದೆ?" ನಾನು ಹಾಗೇ ಓದಿದೆ. ಬ್ಯಾಂಕಿನವರು ಕನ್ನಡಕ ತೆಗೆದು, "ಯಾವುದು ಮೇಡಂ?" ಅಂದರು. ನಮ್ಮ ಜನ ಎದೆ ಭಾರ ಅಂತಾರೆ, ಹೊಟ್ಟೆಯೊಳಗೆ ಕಿವುಚಿದ ಹಾಗೆ ಆಗುತ್ತೆ ಅಂತಾರೆ, ತಲೆ ಧಿಂ ಅಂತಿದೆ ಅಂತಾರೆ. ಮನಸ್ಸಿನ ಮಾತೆಲ್ಲ ಮೈಮೇಲೆ ಇಟ್ಟು ಹೇಳುತ್ತಾರೆ. ಕೊನೆಗೆ ಹಾಳೆ ಮಡಿಚಿಟ್ಟು, "ಹೂಂ... ಆಮೇಲೆ?" ಅಂದೆ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುತ್ತಿದ್ದೆವಲ್ಲ, ಅದೇ. ಅವರು ಹತ್ತು ನಿಮಿಷ ಮಾತಾಡಿದರು, ಕೊನೆಯಲ್ಲಿ ಕಣ್ಣೊರೆಸಿಕೊಂಡರು.

ಇದರಲ್ಲಿ ಒಂದು ತಮಾಷೆ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ ಅಂತ ಮೊದಲ ದಿನದ ಪಾಠದಲ್ಲೇ ಹೇಳಿದ್ದರು. ಅಲ್ಲಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಲ್ಲಿ 'ಆಕಾಶವಾಣಿ' ಎಂಬ ರೇಡಿಯೊ ಕೇಂದ್ರ ಶುರು ಮಾಡಿದವರು. ನೂರು ವರ್ಷ ಆದ ಮೇಲೂ ಒಂದು ನೆಟ್ಟಗಿನ ಕನ್ನಡ ಪ್ರಶ್ನೆಯ ಹಾಳೆ ಸಿಗಲ್ಲ ಅಂದರೆ ಏನು ಹೇಳೋಣ.

ಈಗ ಮೋಸದ ಭಾಗ. ಐದನೇ ತಿಂಗಳಲ್ಲಿ ನಾನು ಕೇಳಿದೆ: ಇದು ಮುಗಿದ ಮೇಲೆ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕಬಹುದಾ? "ಹಾಕಿ, ಯಾರು ಕೇಳ್ತಾರೆ" ಅಂದರು ಆಫೀಸಿನವರು. ವಿಸಿಟಿಂಗ್ ಕಾರ್ಡನ್ನೂ ಅವರೇ ಮಾಡಿಸಿಕೊಡುತ್ತಾರಂತೆ, 500 ರೂಪಾಯಿ ಜಾಸ್ತಿ.

ಅವತ್ತು ರೈಲಿನಲ್ಲಿ ಕೂತು ಓದಿದೆ. ಮಾನಸಿಕ ಕಾಯಿಲೆ ಇರುವವರಿಗೆ ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐಯ ನೋಂದಣಿ ಬೇಕು. ಇಲ್ಲಿಯವರೆಗಿನ ಮಾಮೂಲಿ ದಾರಿ ಅಂದರೆ ಸೈಕಾಲಜಿಯಲ್ಲಿ ಎಂಎ ಅಥವಾ ಎಂಎಸ್ಸಿ, ಅದರ ಮೇಲೆ ಪೂರ್ಣಾವಧಿ 2 ವರ್ಷದ ಎಂಫಿಲ್. ಆ ಎರಡು ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರು ರೋಗಿಗಳ ಜೊತೆ ಕೆಲಸ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಗಳು ಇದಕ್ಕೆ ಹೆಸರಾದವು. ಈಗ ಎಂಫಿಲ್ ಪದವಿಯನ್ನೇ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ ನಿಲ್ಲಿಸಿದೆ. ಕ್ಲಿನಿಕಲ್ ಸೈಕಾಲಜಿಗೆ 2025-26ರವರೆಗೆ ವಿನಾಯಿತಿ ಕೊಟ್ಟಿತ್ತು ಅಷ್ಟೆ. ಹಾಗಾಗಿ ಈಗ ಹೊರಡುವವರು ಕಾಲೇಜಿನ ಮಾತು ನಂಬದೆ ಆರ್‌ಸಿಐ ಪಟ್ಟಿಯಲ್ಲಿ ಆ ಕೋರ್ಸು ಇದೆಯಾ ಅಂತ ನೋಡಿಕೊಂಡೇ ಫೀಸು ಕಟ್ಟಿ. ಆ ಪಟ್ಟಿಯಲ್ಲಿ ನಮ್ಮ ಬೇಕರಿ ಮೇಲಿನ ಡಿಪ್ಲೊಮಾ ಎಲ್ಲೂ ಇರಲಿಲ್ಲ.

ಸರಿ, ದೂರಶಿಕ್ಷಣದಲ್ಲಿ ಎಂಎ ಮಾಡೋಣ ಅಂದುಕೊಂಡೆ. ನನ್ನ ಬಿಎ ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಬಿಎಯಲ್ಲಿ ಸೈಕಾಲಜಿ ಓದದ ನನ್ನಂಥವರಿಗೆ ಅದೊಂದೇ ಬಾಗಿಲಿನ ಹಾಗೆ ಕಾಣುತ್ತಿತ್ತು. ಅರ್ಜಿ ಹಾಕಬೇಕು ಅನ್ನುವಷ್ಟರಲ್ಲಿ, ಜುಲೈ-ಆಗಸ್ಟ್ 2025ರ ಸಾಲಿನಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್‌ನಲ್ಲಿ ಕಲಿಸುವ ಹಾಗಿಲ್ಲ ಅಂತ ಯುಜಿಸಿ ಹೇಳಿತು. ಸಿಟ್ಟು ಬಂತು, ನಿಜ. ಆದರೆ ಆ ಮೂರು ಜನರ ಗುಂಪು ನೆನೆಸಿಕೊಂಡರೆ ತಪ್ಪು ಅನ್ನಿಸಲ್ಲ. ಎದುರಿಗೆ ಒಬ್ಬರು ಕೂತು ನಮ್ಮ 11 ಸಲಹೆ ಎಣಿಸದಿದ್ದರೆ ಈ ಕೆಲಸ ಬರುವುದಿಲ್ಲ. ನನಗೆ ಈಗ 37, ಮನೆ ಸಾಲ ಇದೆ. ಕೆಲಸ ಬಿಟ್ಟು ಕಾಲೇಜಿಗೆ ಹೋಗುವುದು ಆಗದ ಮಾತು.

ಐದಕ್ಕೆ ಎರಡೂವರೆ ಕೊಡುತ್ತೇನೆ. ಟೀಚರ್, ನರ್ಸ್, ಆಶಾ ಕಾರ್ಯಕರ್ತೆ, ಯಾರಿಗಾದರೂ ಕೇಳುವುದನ್ನು ಕಲಿಯಬೇಕು ಅಂತಿದ್ದರೆ ದುಡ್ಡು ದಂಡವಲ್ಲ. 22ರ ವಯಸ್ಸಿನ ಮಕ್ಕಳು ಇದನ್ನೇ ವೃತ್ತಿಯ ಮೆಟ್ಟಿಲು ಅಂದುಕೊಂಡು ಬರುತ್ತಿದ್ದರು, ನಮ್ಮ ಬ್ಯಾಚಿನಲ್ಲೇ ಒಂಬತ್ತು ಜನ. ಅವರಿಗೆ ಮಾತ್ರ ಬೇಡವೇ ಬೇಡ. ಆ 36 ಸಾವಿರ ಎಂಎಸ್ಸಿ ಫೀಸಿಗೆ ಆಗುತ್ತದೆ.

ವಿಸಿಟಿಂಗ್ ಕಾರ್ಡು ಮಾಡಿಸಲಿಲ್ಲ. ಆದರೆ ಅಮ್ಮ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಹಾಲಿನಲ್ಲಿ ನೇತುಹಾಕಿದ್ದಾರೆ. ಹೋದ ವಾರ ಎದುರುಮನೆ ಆಂಟಿ ಅದನ್ನು ನೋಡಿ, ಮಗನಿಗೆ ನಿದ್ದೆ ಬರ್ತಿಲ್ಲ, ಒಂದು ಮಾತ್ರೆ ಬರೆದುಕೊಡಮ್ಮ ಅಂದರು. ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್ ಆಂಟಿ, ಅವರು ಎಂಬಿಬಿಎಸ್ ಓದಿದ ಡಾಕ್ಟ್ರು, ನಾನು ಮೇಷ್ಟ್ರು ಅಂದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ ಅಂತಲೂ ಹೇಳಿದೆ. ಆಂಟಿ ಚೀಟಿ ಸೆರಗಿಗೆ ಕಟ್ಟಿಕೊಂಡರು, ಆದರೆ ಎದ್ದು ಹೋಗಲಿಲ್ಲ. ನಾನು ಕಾಫಿಗೆ ನೀರಿಟ್ಟು ಬಂದು ಕೂತೆ. "ಹೂಂ, ಹೇಳಿ ಆಂಟಿ" ಅಂದೆ.