ಅಂಜುವ ಏಂಜೆಲ್ ಮೀನಿಗೆ ಕಾಡುಬಾದಾಮಿ ಎಲೆ: ಕೊಟ್ಟ ಹಣಕ್ಕೆ ಮೋಸವಿಲ್ಲ

ಹೊಸದಾಗಿ ತಂದ ಏಂಜೆಲ್ ಮೀನುಗಳು ಮೂಲೆ ಹಿಡಿದು ನಿಂತಿದ್ದರೆ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಒಣಗಿದ ಕಾಡುಬಾದಾಮಿ ಎಲೆ ನಿಜಕ್ಕೂ ಕೊಳ್ಳಲು ಯೋಗ್ಯ. ಎಲೆಯ ಟ್ಯಾನಿನ್ ಎಂಬ ಒಗರು ಅಂಶ ನೀರಿಗೆ ಚಹಾದ ಬಣ್ಣ ಕೊಟ್ಟು ಬೆಳಕನ್ನು ಮಂದ ಮಾಡುತ್ತದೆ. ಅಮೆಜಾನ್ ನದಿಯ ಕೊಳ್ಳದಿಂದ ಬಂದ ಈ ಮೀನಿಗೆ ಅಂಥ ಮಬ್ಬೇ ಹಿತ.

40 ಲೀಟರಿಗೆ ಒಂದು ಎಲೆ ಸಾಕು. ತೊಳೆದು, ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿದರೆ ಬೇಗ ಮುಳುಗುತ್ತದೆ. ಫಿಲ್ಟರಿನಲ್ಲಿ ಇದ್ದಿಲಿದ್ದರೆ ತೆಗೆಯಿರಿ, ಬಣ್ಣವನ್ನೆಲ್ಲ ಅದೇ ಹೀರಿಬಿಡುತ್ತದೆ. ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಇಳಿಯುತ್ತದೆಂದು ಮಾತ್ರ ಕೊಳ್ಳಬೇಡಿ. ಬೋರ್‌ವೆಲ್ಲಿನ ಗಡಸು ನೀರಲ್ಲಿ ಅದು ಅಲ್ಲಾಡುವುದೇ ಕಷ್ಟ.

ಮೊದಲ ದಿನ ದೀಪ ಆರಿಸಿಡಿ. ಟೈಗರ್ ಬಾರ್ಬ್‌ಗಳೆಂಬ ಜೊತೆಮೀನುಗಳು ಏಂಜೆಲ್ ಮೀನಿನ ರೆಕ್ಕೆ ಕಚ್ಚುತ್ತಿದ್ದರೆ ಯಾವ ಎಲೆಯೂ ಪ್ರಯೋಜನಕ್ಕೆ ಬಾರದು, ಅವನ್ನೇ ಬೇರೆ ತೊಟ್ಟಿಗೆ ಹಾಕಬೇಕು. ಎಲೆ ಕೊಳೆತು ಜಾಲರಿಯಂತಾದಾಗ ಬದಲಿಸಿ.